ಬಿಸಿನೀರಿನ ಕುಂಡಕ್ಕ ಹೋದ ಟವೆಲ್ ಕಾರ್ಖಾನಿ

ನಮ್ಮ ಕಾರ್ಖಾನಿ ಮಂದಿ ಕೂಡಿ ಊರ ಬಿಟ್ಟರ ಸಾಕು, ಏನರೆ ಒಂದು ಫಜೀತಿ ಆಗೇ ಆಗ್ತದ. ನಾನು ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನ್ಯಾಗ ಚೆಕಿಂಗ್ ಮಾಡಾಕಿ. ಎಳಿ ತಪ್ಪಿದ್ದು, ಅಂಚು ಸೊಟ್ಟ ಆಗಿದ್ದು ಹುಡುಕಿ ಬಾಜೂಕ ಒಗಿಯೂದು ನನ್ನ ಕೆಲಸ. ಹೋದ ವರ್ಷ ನಮ್ಮ ಮಾಲಕರಿಗೆ ಕೆಲಸಗಾರರ ಮ್ಯಾಲೆ ಒಮ್ಮಿಗಲೇ ಪ್ರೀತಿ ಹುಟ್ಟಿತು. ಸಹ್ಯಾದ್ರಿ ಘಾಟಿನಾಗ ನೆಲದಿಂದ ತಾನಾಗೇ ಬಿಸಿನೀರು ಉಕ್ಕೂ ಕುಂಡ ಅದ, ಎಲ್ಲಾರ್ನೂ ಕರಕೊಂಡು ಹೋಗ್ತೀನಿ ಅಂದರು.

೧. ಮುಹೂರ್ತ

ಹೊಂಟಿದ್ದು ಯಾವಾಗ? ಮೇ ತಿಂಗಳಾಗ.

"ಮಾಲಕರ, ಈಗ ನಮ್ಮನಿ ನಳ ತಿರುವಿದರೂ ಬಿಸಿನೀರೇ ಬರ್ತದರಿ" ಅಂದೆ.

"ಅದು ಬ್ಯಾರೆ. ಇದು ನಿಸರ್ಗದ್ದು."

"ನಮ್ಮ ನೀರಿನ ಟಾಕಿಗೆ ನಾವೇನು ಒಲಿ ಹಚ್ಚೀವೇನ್ರಿ?"

ಮಾಲಕರು ಬಾಳ ವಿಚಾರ ಮಾಡಿ, "ಬಸ್ ಹತ್ತು" ಅಂದರು.

೨. ಬಣ್ಣದ ಮಾಸ್ತರ

ನೂಲಿಗೆ ಬಣ್ಣ ಹಾಕೂ ಮಾಸ್ತರಗ ತನ್ನಷ್ಟು ಬಿಸಿ ಕಂಡಾಂವ ಲೋಕದಾಗ ಯಾರೂ ಇಲ್ಲ ಅಂತ ಗರ್ವ. ಕುಂಡದ ಕಾವಲುಗಾರ, "ಸಾವಕಾಶ ಇಳೀರಿ, ನೀರು ಸುಡತಾವ" ಅಂದ. ಮಾಸ್ತರ ನಕ್ಕು, "ಇಪ್ಪತ್ತು ವರ್ಷ ಕುದಿಯೂ ಹಂಡೆದ ಮುಂದ ನಿಂತೀನಿ, ನನಗ ಹೇಳ್ತಿಯೇನು?" ಅಂದು ಧಡ್ಡನ ಜಿಗಿದ. ಜಿಗಿದದ್ದಕ್ಕಿಂತ ಜೋರಿಲೆ ಮ್ಯಾಲ ಬಂದ.

"ಯಾಕ್ರಿ ಮಾಸ್ತರ, ಏನಾತು?" ಅಂದೆ.

"ಅಲ್ಲೆ ನೂಲು ಮುಳುಗಸ್ತಿದ್ದೆ ಬೇ. ನಾ ಎಂದೂ ಮುಳುಗಿದ್ದಿಲ್ಲ."

೩. ಅತ್ತಿಯ ಮೊಣಕಾಲು

ಖರೇ ಹೇಳಬೇಕಂದ್ರ ನಾ ಬಂದದ್ದೇ ನಮ್ಮತ್ತಿ ಸಲುವಾಗಿ, ಆಕಿನ್ನೂ ಸಂಗಡ ಕರಕೊಂಡು. ಆಕಿ ಊರು ಅಕ್ಕಲಕೋಟದಾಗ ಆಕಿ ಮೊಣಕಾಲಿಗೆ ಹಚ್ಚದ ಎಣ್ಣಿ ಉಳಿದಿಲ್ಲ. ಮೂರು ಮಂದಿ ಹಿಡಿದು ಹೆಂಗಸರ ಕುಂಡದಾಗ ಇಳಿಸಿದ್ವಿ. ನಾ ದೇವರ ನೆನೆಸಿಕೋತ ಕುಂತೆ.

ಸ್ವಲ್ಪ ಹೊತ್ತಿಗೆ ಅತ್ತಿ ತಟ್ಟನ ಎದ್ದಳು. ಯಾರ ಕೈನೂ ಹಿಡೀಲಿಲ್ಲ. ದಡಾದಡಾ ಮೆಟ್ಟಲ ಏರಿದಳು. ನನ್ನ ಕಣ್ಣಾಗ ನೀರೇ ಬಂತು.

"ಅತ್ತಿ, ನೋವು ಹೋತೇನ್ರಿ?"

"ನೋವೆಲ್ಲಿ ಹೋಗ್ತದ! ಮಂಗ್ಯಾ ನನ್ನ ಚಪ್ಪಲಿ ಒಯ್ಯಾಕತ್ತದ, ಹಿಡೀ ಅದನ್ನ!"

ತಿರುಗಿ ಹೋಗೂ ಮುಂದ ಆಕಿನ್ನ ಬಸ್ ಹತ್ತಸಾಕ ನಾಕು ಮಂದಿ ಬೇಕಾದರು.

೪. ಅಸಲಿ ಮಾಲು

ಎಲ್ಲಾರೂ ಕುಂಡದಿಂದ ಮ್ಯಾಲ ಬಂದಾಗ ಒಂದು ವಿಷಯ ಗೊತ್ತಾತು. ಟವೆಲ್ ಕಾರ್ಖಾನಿಯ ಇಡೀ ಬಸ್ಸಿನಾಗ ಒಂದೂ ಟವೆಲ್ ಇಲ್ಲ! ಇನ್ನೊಬ್ಬರು ತಂದಿರ್ತಾರ ಬಿಡು ಅಂತ ಎಲ್ಲಾರೂ ನಂಬಿದ್ದರು. ಹೊಟ್ಟಿ ಮ್ಯಾಲಿಂದ ನೀರು ಸುರಿಸಿಕೋತ ಮಾಲಕರು ರಸ್ತೆ ಬಾಜೂಕಿನ ಅಂಗಡಿಗೆ ಓಡಿದರು. ಹಿಂದ ನಾನು.

"ಅಸಲಿ ಸೊಲ್ಲಾಪುರಿ ಮಾಲು, ಸಾಹೇಬರ" ಅಂತ ಅಂಗಡ್ಯಾಕಿ ಮರಾಠ್ಯಾಗ ಅಂದು ಟವೆಲ್ ಒಂದು ಕೊಟ್ಟಳು.

ನನ್ನ ಕೈ ಸುಮ್ಮ ಇರ್ತದೇನು? ಬೆಳಕಿಗೆ ಹಿಡಿದು ನೋಡಿದೆ. ನಟ್ಟ ನಡುವ ಎರಡು ಎಳಿ ತಪ್ಪಿದ್ದವು. ಮೂಲ್ಯಾಗ ಕೆಂಪು ಗೀಟು. ಕೆಟ್ಟ ಮಾಲು ಅಂತ ನಾನೇ ನನ್ನ ಕೈಲೆ ಹೊಡೆದ ಗೀಟು!

"ಅಕ್ಕಾರ, ಇದು ಬಾದ್ ಮಾಲು, ಒಗದದ್ದು" ಅಂದೆ.

ಅಂಗಡ್ಯಾಕಿ ನನಗ ಏನೂ ತಿಳಿಯಂಗಿಲ್ಲ ಅನ್ನೂಹಂಗ ನೋಡಿದಳು. "ಆ ಕೆಂಪು ಗೀಟೇ ಕಂಪನಿ ಗುರ್ತು. ಅದು ಇದ್ದರ ಅಸಲಿ. ನೋಡಿ ತಗೋ, ಈಗ ನಕಲಿ ಬಾಳ ಬರಾಕತ್ತಾವ."

ಮಾಲಕರು ಅದೇ ಟವೆಲಿಲೆ ಮಾರಿ ಒರಸಿಕೊಂಡರು. ನನ್ನ ಕಡೆ ತಿರುಗಿ ಮೆಲ್ಲಕ ಅಂದರು:

"ನಾಳಿಂದ ಎಲ್ಲಾದಕ್ಕೂ ಗೀಟು ಹೊಡಿ."