ಯಾಡಿ ಸೂಜಿ ಹಿಡಿದರೆ

ನಮ್ಮ ಸರಕು ನಾವೇ ಮಾರುತ್ತೇವೆ ಎಂದು ತಾಂಡಾದ ಹೆಣ್ಣುಮಕ್ಕಳು ಹೊರಟ ದಿನದಿಂದ ಅವರಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಹೇಳಲು ಬಂದವರು ತಾವೇ ಒಂದಿಷ್ಟು ಕಲಿಯದೆ ತಿರುಗಿ ಹೋದದ್ದೂ ಇಲ್ಲ.

ನಾನು ಆಳಂದದಲ್ಲಿ ಹೊಲಿಗೆ ಕಲಿಸುವವಳು. ಖಜೂರಿ ರಸ್ತೆಯ ಒಂದು ಲಂಬಾಣಿ ತಾಂಡಾದಲ್ಲಿ ಹನ್ನೊಂದು ಜನ ಕಸೂತಿ ಹೆಣ್ಣುಮಕ್ಕಳ ಸಂಘವಿದೆ. ಅವರ ಪರವಾಗಿ ಅರ್ಜಿ ಬರೆಯುವುದು, ಫೋನಿನಲ್ಲಿ ಮಾತಾಡುವುದು, ಬಸ್ಸಿಗೆ ಗಂಟು ಹೊರುವುದು ನನ್ನ ಕೆಲಸ. ಅವರಲ್ಲಿ ಹಿರಿಯಳನ್ನು ಎಲ್ಲರೂ ಯಾಡಿ ಅನ್ನುತ್ತಾರೆ, ಅವರ ಮಾತಿನಲ್ಲಿ ತಾಯಿ ಅಂತ. ಮೊದಲು ಇವರ ಕಸೂತಿಯನ್ನೆಲ್ಲ ಒಬ್ಬ ವ್ಯಾಪಾರಿ ಒಯ್ಯುತ್ತಿದ್ದ, ತನಗೆ ತಿಳಿದಷ್ಟು ಕೊಡುತ್ತಿದ್ದ. ಇನ್ನು ನಿನಗೆ ಕೊಡುವುದಿಲ್ಲ ಅಂದಾಗ, ಆರು ತಿಂಗಳಲ್ಲಿ ನನ್ನ ಬಾಗಿಲಿಗೇ ಬರ್ತೀರಿ ಎಂದು ನಕ್ಕಿದ್ದ. ಇವರು ಹೋಗಲಿಲ್ಲ.

ಮಣ್ಣಿನ ಬಣ್ಣ

ದೊಡ್ಡ ಊರಿನಲ್ಲಿ ಅಂಗಡಿ ಇಟ್ಟ ಹೆಣ್ಣುಮಗಳೊಬ್ಬರು ಕಾರಿನಲ್ಲಿ ಬಂದರು. ಕೈ ಚೆನ್ನಾಗಿದೆ, ಆದರೆ ಕೆಂಪು ಕಣ್ಣಿಗೆ ಹೊಡೆಯುತ್ತದೆ, ಕನ್ನಡಿ ಜಾಸ್ತಿಯಾಯಿತು, ಈಗ ಜನಕ್ಕೆ ಶಾಂತ ಬಣ್ಣ ಬೇಕು, ಮಣ್ಣಿನ ಬಣ್ಣ ಅಂದರು. ಒಪ್ಪಿದರೆ ದೊಡ್ಡ ಆರ್ಡರು. ಎರಡು ತಿಂಗಳಿಂದ ಕೈಯಲ್ಲಿ ಕೆಲಸವಿರಲಿಲ್ಲ. ಒಪ್ಪಿಬಿಡು ಎಂಬಂತೆ ನಾನು ಯಾಡಿಯ ಕಡೆ ನೋಡಿ ಎರಡು ಸಲ ಕೆಮ್ಮಿದೆ.

ಯಾಡಿ ನನಗೆ ನೀರು ತರಿಸಿದಳು. ಆಮೇಲೆ ಅವರಿಗೆ ಹೇಳಿದಳು: "ಬಾಯಾರ, ಮಣ್ಣು ಹೊತ್ತು ಹೊತ್ತು ನಮ್ಮ ಅರ್ಧ ಆಯುಷ್ಯ ಹೋಗ್ಯದ. ಅದರ ಬಣ್ಣ ನೋಡಿ ಸಾಕಾಗಿನೇ ನಾವು ಕೆಂಪು ಹಾಕೋದು."

ಅವರು ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ರಸ್ತೆಗೆ ಬಂದರು. ಅದೇ ಹೊತ್ತಿಗೆ ಮಹಾರಾಷ್ಟ್ರದ ಕಡೆಯ ಲಾರಿಯೊಂದು ಭರ್ರನೆ ಹೋಯಿತು. ಧೂಳು ಇಳಿದಾಗ ಅವರ ಬಿಳಿ ಸೀರೆ, ಕೂದಲು, ಹುಬ್ಬು ಎಲ್ಲ ಒಂದೇ ಬಣ್ಣ. ಯಾಡಿ ತನ್ನ ಕೈಯಾರೆ ಧೂಳು ಝಾಡಿಸುತ್ತ, "ನೋಡ್ರಿ, ನಿಮಗ ಬೇಕಾದ ಬಣ್ಣ ನಮ್ಮೂರಾಗ ಪುಕ್ಕಟೆ ಸಿಗ್ತದ," ಅಂದಳು. ಅವರಿಗೂ ನಗು ಬಂತು. ಒಂದು ಕೆಂಪು ಶಾಲು ಕೊಂಡು ಅದನ್ನೇ ಹೊದ್ದು ಕಾರು ಹತ್ತಿದರು. ಆರ್ಡರು ಕೆಂಪಿನಲ್ಲೇ ಬಂತು, ಕನ್ನಡಿ ಇನ್ನೂ ನಾಲ್ಕು ಹೆಚ್ಚಿಗೆ ಹಾಕಿ ಅಂತ.

ಸಹಿ

ಸಂಘದ ಖಾತೆ ತೆರೆಯಲು ಬ್ಯಾಂಕಿಗೆ ಹೋದೆವು. ಗುಮಾಸ್ತ ಯಾಡಿಯ ಮುಖ ನೋಡಿದವನೇ ಮಸಿಯ ಡಬ್ಬಿ ಮುಂದೆ ತಳ್ಳಿದ. ಯಾಡಿ ಹೆಬ್ಬೆಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಇದು ಸೂಜಿ ಒತ್ತೋ ಬೆರಳ್ರಿ. ನಿಮ್ಮ ಕಾಗದಕ್ಕ ಒತ್ತಂಗಿಲ್ಲ."

ಹಾಗೇ ಎದ್ದು ಬಂದೆವು. ಪೆನ್ನು ಹಿಡಿಸಿದರೆ ಅಕ್ಷರ ಹುಳದಂತೆ ಹರಿದಾಡುತ್ತಿತ್ತು. ಕೊನೆಗೆ ಆಕೆಯೇ ದಾರಿ ಹುಡುಕಿದಳು. ನನ್ನಿಂದ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ತನ್ನ ಹೆಸರು ಬರೆಸಿ, ಅದರ ಮೇಲೆ ದಾರ ಓಡಿಸಿದಳು. ದಿನವೂ ಅದನ್ನೇ ಹೊಲಿದಳು. ಸೂಜಿ ಕಲಿತದ್ದನ್ನು ಪೆನ್ನೂ ಕಲಿಯಿತು. ಸಹಿ ಮಾಡಿದಳು, ಖಾತೆ ಆಯಿತು.

ಮುಂದಿನ ಸಲ ಹೋದಾಗ ಸಹಿ ಹೋದ ಸಲದಂತಿಲ್ಲ ಎಂದು ಗುಮಾಸ್ತ ತಕರಾರು ತೆಗೆದ. ಯಾಡಿ ಚೀಲದಿಂದ ಆ ಬಟ್ಟೆ ತೆಗೆದು ಅವನ ಮುಂದೆ ಹಾಸಿದಳು. ಮ್ಯಾನೇಜರು ಎದ್ದು ಬಂದು ನೋಡಿ, ಇದಕ್ಕಿಂತ ಗಟ್ಟಿ ಸಹಿ ನಮ್ಮ ಬ್ಯಾಂಕಿನಲ್ಲಿ ಯಾರದೂ ಇಲ್ಲ ಅಂದರು. ಗುಮಾಸ್ತ ಮಾತ್ರ ನಿಯಮದ ಮನುಷ್ಯ. ಇದರ ಎರಡು ಝೆರಾಕ್ಸ್ ತರ್ರಿ ಅಂದ.

ಗುಂಡಿ

ಜೇವರ್ಗಿಯಲ್ಲಿ ಸ್ವಾವಲಂಬನೆಯ ಬಗ್ಗೆ ಒಂದು ದಿನದ ತರಬೇತಿ. ತರಬೇತಿ ಕೊಡಬೇಕಾದ ಸಾಹೇಬರು ಬಂದದ್ದೇ ಮಧ್ಯಾಹ್ನ. ಯಾರ ಮೇಲೂ ಅವಲಂಬಿಸಬೇಡಿ, ನಿಮ್ಮ ಕೆಲಸ ನೀವೇ ಮಾಡಿಕೊಳ್ಳಿ ಎಂದು ಒಂದು ತಾಸು ಹೇಳಿದರು. ಕೊನೆಗೆ ಅವರಿಗೆ ಹಾರ ಹಾಕುವಾಗ ಅದು ಅಂಗಿಯ ಗುಂಡಿಗೆ ಸಿಕ್ಕಿ ಗುಂಡಿ ಕಿತ್ತು ಬಿತ್ತು. ಫೋಟೋ ತೆಗೆಯುವುದು ಬಾಕಿ ಇತ್ತು. ಸಾಹೇಬರು ನಗುತ್ತ ಯಾಡಿಗೆ ಗುಂಡಿ ಕೊಟ್ಟು, ಸ್ವಲ್ಪ ಹಚ್ಚಿಕೊಡಮ್ಮ ಅಂದರು.

ಯಾಡಿ ಸೂಜಿಗೆ ದಾರ ಪೋಣಿಸಿ ಅವರ ಕೈಗೇ ಕೊಟ್ಟಳು. "ಯಾರ ಮ್ಯಾಲೂ ಅವಲಂಬಿಸಬ್ಯಾಡ್ರಿ ಅಂತ ಈಗ ತಾನೇ ಹೇಳೀರಿ. ನೀವು ಹೊಲೀರಿ, ನಾವು ಹೇಳಿಕೊಡ್ತೇವಿ."

ಹನ್ನೊಂದು ಜನರೂ ಸುತ್ತ ನಿಂತು ಹೇಳಿಕೊಟ್ಟರು. ಸಾಹೇಬರು ಬೆವರಿ, ಎರಡು ಸಲ ಚುಚ್ಚಿಕೊಂಡು, ಅಂತೂ ತೊಟ್ಟ ಅಂಗಿಗೇ ಗುಂಡಿ ಹಚ್ಚಿದರು. ಫೋಟೋ ಆಯಿತು. ಅಂಗಿಯ ಜೊತೆ ಬನಿಯನ್ನೂ ಸೇರಿಸಿ ಹೊಲಿದಿದ್ದಾರೆಂದು ಗೊತ್ತಾದದ್ದು ಅವರ ಮನೆಯವರಿಗೇ ಇರಬೇಕು.

ಕೊನೇ ಪೀಸು

ಹುಣ್ಣಿಮೆಗೆ ಗಾಣಗಾಪುರದ ಒಂದು ಲಾಡ್ಜಿನ ಪಡಸಾಲೆಯಲ್ಲಿ ನಾವು ಟೇಬಲ್ ಹಾಕಿ, ಆಳಂದ ತಾಂಡಾದ ಯಾಡಿಯ ಕೈಕಸೂತಿ ಎಂದು ಬೋರ್ಡು ತೂಗಿಸಿದ್ದೆವು. ಎದುರಿನ ಅಂಗಡಿಯವನ ಹತ್ತಿರ ಮಷೀನಿನಲ್ಲಿ ಹೊಡೆದ, ಪ್ಲಾಸ್ಟಿಕ್ ಕನ್ನಡಿಯ ಚೀಲಗಳು. ಅಗ್ಗ ಅಂತ ಯಾತ್ರಿಕರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಮಧ್ಯಾಹ್ನದವರೆಗೆ ನಮ್ಮಲ್ಲಿ ಒಂದೂ ಹೋಗಲಿಲ್ಲ. ಹುಡುಗಿಯರು ಗಂಟು ಕಟ್ಟೋಣ ಅನ್ನತೊಡಗಿದರು.

ಯಾಡಿ ಅಂದು ದರ್ಶನಕ್ಕೆಂದು ಕನ್ನಡಿಯ ಲಂಬಾಣಿ ಉಡುಪು ಬಿಟ್ಟು ಸಾದಾ ಸೀರೆ ಉಟ್ಟಿದ್ದಳು. ಗುಡಿಯಿಂದ ಬರುತ್ತ ನೇರ ಆ ಅಂಗಡಿಗೆ ಹೋಗಿ, ಯಾತ್ರಿಕರ ನಡುವೆ ನಿಂತು ಒಂದು ಚೀಲ ತಿರುವಿ ನೋಡಿದಳು. ನಾನೂ ಹಿಂದೆ ಹೋದೆ. ಇದು ಎಲ್ಲಿಯದು ಎಂದು ಕೇಳಿದಳು.

ಅಂಗಡಿಯವನು ನಮ್ಮ ಬೋರ್ಡು ಓದಿಕೊಂಡಿದ್ದನೆಂದು ಕಾಣುತ್ತದೆ. ಆಳಂದ ಕಡೆಯ ತಾಂಡಾದ ಯಾಡಿ ಎಂಬ ಮುದುಕಿಯ ಕೈಕೆಲಸ ಅಂದ. ಗಿರಾಕಿಗಳು ಕಿವಿ ಕೊಟ್ಟದ್ದು ನೋಡಿ ಅವನಿಗೆ ಹುರುಪು ಬಂತು. ಆ ಮುದುಕಿ ಹೋದ ತಿಂಗಳು ತೀರಿಕೊಂಡಳು, ಇದು ಕೊನೇ ಪೀಸು, ತಾನೇ ಮಣ್ಣಿಗೆ ಹೋಗಿ, ತಿಥಿಯ ಊಟ ಮಾಡಿ ಬಂದೆ ಅಂದ.

ಯಾಡಿ ಚೀಲ ಮೆಲ್ಲಗೆ ಕೆಳಗಿಟ್ಟಳು.

"ಊಟಕ್ಕ ನನಗೂ ಒಂದು ಮಾತು ಹೇಳಬೇಕಿತ್ತಪ್ಪ. ಸತ್ತಾಕಿ ನಾನೇ."

ಪುಣೆ ಕಡೆಯ ಒಬ್ಬ ಅಜ್ಜಿ ಮೊದಲು ನಕ್ಕಳು, ಆಮೇಲೆ ಅಂಗಡಿಯೇ ನಕ್ಕಿತು. ನಕ್ಕವರೆಲ್ಲ ಯಾಡಿಯ ಹಿಂದೆ ರಸ್ತೆ ದಾಟಿ ನಮ್ಮ ಟೇಬಲಿಗೆ ಬಂದರು. ಸಂಜೆಗೆ ಎರಡು ಕೈಚೀಲ ಬಿಟ್ಟರೆ ಏನೂ ಉಳಿದಿರಲಿಲ್ಲ.

ಹೊರಡುವಾಗ ಅಂಗಡಿಯವನು ತಲೆ ಕೆರೆಯುತ್ತ ಬಂದ. ತಪ್ಪಾಯಿತು, ಮುಂದೆ ನಿಮ್ಮ ಸರಕನ್ನೇ ಇಡುತ್ತೇನೆ, ಕೊಡ್ತೀರಾ ಅಂದ.

"ಕೊಡ್ತೇವಿ," ಅಂದಳು ಯಾಡಿ. "ಆದ್ರ ಗಿರಾಕಿಗೆ ಖರೇ ಹೇಳಬೇಕು. ಮುದುಕಿ ಬದುಕ್ಯಾಳ, ರೇಟೂ ಆಕಿನೇ ಹೇಳ್ತಾಳ ಅಂತ."