ಅರ್ಥವಾದದ್ದೇ ತಪ್ಪು

ಎಲ್ಲರ್ಸ್‌ಟಾಲ್ ಸಂಸ್ಥಾನದ ಸೆನ್ಸಾರ್ ಗುಮಾಸ್ತ ಆಂಬ್ರೋಸ್ ಟಿಲ್ಲಿಂಗನಿಗೆ ಗ್ರಹಚಾರ ವಕ್ಕರಿಸಿದ್ದು ಒಂದು ಕೆಂಪು ಗೀಟಿನಿಂದ. ಕವಿ ಹೇಬರ್‌ಕಾಂಪರ ಚಾಟೂಕ್ತಿಗಳ ಹಸ್ತಪ್ರತಿ ಅಚ್ಚಿಗೆ ಮೊದಲು ಅವನ ಮೇಜಿಗೆ ಬಂದಿತ್ತು. ಅದರಲ್ಲೊಂದು ಸಾಲು: "ಗೋಪುರದ ತುದಿಯ ತಗಡಿನ ಹುಂಜ ಊರಿಗೆಲ್ಲ ಮೇಲೆ, ಅದನ್ನು ತಿರುಗಿಸುವುದು ಮಾತ್ರ ಗಾಳಿ." ಸಂಸ್ಥಾನವನ್ನಾಳುವ ಡ್ಯೂಕರನ್ನು ತಿರುಗಿಸುವುದು ಅವರ ಹೆಂಡತಿ, ರಾಣಿಯವರೆಂದು ಊರಿಗೇ ಗೊತ್ತು. ಟಿಲ್ಲಿಂಗ್ ಬೆವರುತ್ತಲೇ ಗೀಟೆಳೆದ.

ಮೇಲಧಿಕಾರಿ ಶ್ಟ್ರೆಲೆನ್ ಕನ್ನಡಕ ಏರಿಸಿದರು. "ಹುಂಜ ಏನ್ರೀ ತಪ್ಪು ಮಾಡ್ತು?"

"ಅದು... ಯಾರನ್ನೋ ಆಡಿಕೊಂಡ ಹಾಗಿದೆ, ಸ್ವಾಮಿ."

"ನಿಮ್ಮ ಮನಸ್ಸಿಗೆ ಯಾರು ಬಂದ್ರು? ಪಕ್ಕದಲ್ಲಿ ಹೆಸರು ಬರೀರಿ. ಅದು ನಿಯಮ."

ಟಿಲ್ಲಿಂಗ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬರೆದರೆ ಡ್ಯೂಕರನ್ನು ಹುಂಜ ಎಂದವನು ತಾನೇ ಆಗುತ್ತಾನೆ. ಕೋಟೆಯ ಸೆರೆಮನೆ ಖಚಿತ. "ಯಾರೂ ಬರಲಿಲ್ಲ ಸ್ವಾಮಿ, ಬರೀ ಹುಂಜ ಬಂತು" ಎಂದು ಗೀಟನ್ನು ಚಾಕುವಿನಿಂದ ಕೆರೆದುಹಾಕಿದ.

ಪಕ್ಕದ ಮೇಜಿನ ಕ್ರೂಗೆಲ್ ಬಗ್ಗಿ ಪಿಸುಗುಟ್ಟಿದ. "ಭೇಷ್! ಡ್ಯೂಕರು ಓದಿ, ಇದನ್ನ ಬಿಟ್ಟ ಕತ್ತೆ ಯಾವನು ಅಂತ ಕೇಳಿದ್ರೆ? ಕೋಟೆಯೊಳಗೆ ಬಲು ಚಳಿಯಂತೆ ಕಣೋ, ಕಂಬಳಿ ಮರೀಬೇಡ."

ಊಟವನ್ನೂ ಬಿಟ್ಟು ಟಿಲ್ಲಿಂಗ್ ಹಸ್ತಪ್ರತಿ, ಮೊಹರು ಎರಡನ್ನೂ ಹಿಡಿದು ಕವಿಯ ಮನೆಗೆ ಓಡಿದ. ಬಾಗಿಲಲ್ಲೇ ಅವರ ಕೈ ಹಿಡಿದುಕೊಂಡ. "ಮಕ್ಕಳೊಂದಿಗ ಸ್ವಾಮಿ! ಗೀಟು ಹಾಕಿದ್ರೂ ಕೆಟ್ಟೆ, ಬಿಟ್ರೂ ಕೆಟ್ಟೆ. ಆ ಹುಂಜಾನ ನೀವೇ ತೆಗೆದುಬಿಡಿ."

ಕವಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. "ಅಯ್ಯೋ, ಅಷ್ಟೇ ತಾನೆ? ತೆಗೆದೆ ಬಿಡಿ. ಇಷ್ಟು ಮನಸ್ಸಿಟ್ಟು ನನ್ನ ಓದಿದವರು ನೀವೊಬ್ರೇ." ಮೊದಲ ಹಾಳೆಯ ಮೇಲೆ ಏನೋ ಗೀಚಿ ಮುಂದೆ ಚಾಚಿದರು. ಬದುಕಿದೆನೆಂಬ ಸಂತೋಷದಲ್ಲಿ ಟಿಲ್ಲಿಂಗ್ ಓದದೆಯೇ ಒಪ್ಪಿಗೆಯ ಮೊಹರು ಒತ್ತಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ.

ವಾರದ ಮೇಲೆ ಶ್ಟ್ರೆಲೆನ್ ಕರೆಸಿ, ಅಚ್ಚಾದ ಪುಸ್ತಕವನ್ನು ಅವನ ಮೂಗಿನ ಮುಂದೆ ಹಿಡಿದರು. ಅರ್ಪಣೆಯ ಪುಟದಲ್ಲಿ ದಪ್ಪಕ್ಷರದಲ್ಲಿತ್ತು: "ಇಲ್ಲಿನ ಒಂದೊಂದು ಮಾತೂ ಯಾರನ್ನು ಕುರಿತದ್ದೆಂದು ಬಲ್ಲ ಏಕೈಕ ಓದುಗ, ಮಿತ್ರ ಆಂಬ್ರೋಸ್ ಟಿಲ್ಲಿಂಗರಿಗೆ."

ಟಿಲ್ಲಿಂಗ್ ಅದನ್ನು ಎರಡೆರಡು ಸಲ ಓದಿದ. "ಡ್ಯೂಕರು... ನೋಡಿದ್ರಾ?"

"ಪೂರ್ತಿ ಓದಿದ್ರು. ಸಿಟ್ಟೇನೂ ಇಲ್ಲ."

ಹೋದ ಜೀವ ಬಂದಂತಾಯಿತು.

"ಒಂದೂ ಅರ್ಥ ಆಗ್ಲಿಲ್ಲವಂತೆ," ಎಂದರು ಶ್ಟ್ರೆಲೆನ್. "ಸಂಜೆ ಊಟಕ್ಕೆ ಕರೆದಿದ್ದಾರೆ. ರಾಣಿಯವರೂ ಇರ್ತಾರೆ. ಯಾವ ಮಾತು ಯಾರ ಮೇಲೆ ಅಂತ ನೀವೇ ಒಂದೊಂದಾಗಿ ಬಿಡಿಸಿ ಹೇಳಬೇಕಂತೆ."