ನಲವತ್ತು ಸಾವಿರ ವರ್ಷದ ಸೀನು

ಎಲ್ಲದಕ್ಕೂ ಮೂಲ ಒಂದು ಸೀನು, ಅದೂ ಹತ್ತು ದಿನ ಹಳೆಯದು.

ಸೀನಿದವನು ಪುಡಿಯಣ್ಣ. ಎಂದೋ ಅಳಿದುಹೋದ ಮನುಷ್ಯರ ಎಲುಬು, ಹಲ್ಲುಗಳಿಂದ ಡಿಎನ್ಎ ತೆಗೆದು ಓದುವ ಆ ಪ್ರಯೋಗಾಲಯದಲ್ಲಿ, ದಂತವೈದ್ಯರ ಬಳಿ ಇರುವಂಥ ಸಣ್ಣ ಡ್ರಿಲ್ಲು ಹಿಡಿದು ಚಿಟಿಕೆ ಪುಡಿ ಕೊರೆದುಕೊಡುವುದು ಅವನ ಕೆಲಸ. ಹಾಗಾಗಿಯೇ ಆ ಹೆಸರು. ಒಳಕೋಣೆಗೆ ಹೋಗಬೇಕಾದರೆ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ಎರಡೆರಡು ಕೈಗವಸು, ಎರಡು ಮಾಸ್ಕು. ಬದುಕಿರುವವರ ಒಂದು ಹನಿ ಎಂಜಲು ತಾಗಿದರೂ ಸತ್ತವರ ಡಿಎನ್ಎ ಕೆಟ್ಟಂತೆಯೇ. ಇಷ್ಟೆಲ್ಲ ಗೊತ್ತಿದ್ದೂ ಅವತ್ತು, ಗುಹೆಯೊಂದರಲ್ಲಿ ಸಿಕ್ಕ ನಲವತ್ತು ಸಾವಿರ ವರ್ಷದ ಹಲ್ಲು ಕೊರೆಯುತ್ತಿದ್ದಾಗ, ಮೂಗು ತುರಿಸಿತೆಂದು ಅರೆಗಳಿಗೆ ಮಾಸ್ಕ್ ಎತ್ತಿದ. ಅದಕ್ಕೇ ಕಾದಿದ್ದಂತೆ ಸೀನು ಬಂತು. ಅರ್ಧ ಪುಡಿ ಹಾರಿಹೋಯಿತು. ಉಳಿದರ್ಧವನ್ನು ತುಟಿ ಪಿಟಕ್ಕೆನ್ನದೆ ಕೊಳವೆಗೆ ತುಂಬಿ ಕಳಿಸಿಬಿಟ್ಟ. ಆರು ವರ್ಷದ ಹಂಗಾಮಿ ಕೆಲಸ ಇನ್ನೇನು ಖಾಯಂ ಆಗುವ ಹೊತ್ತಿನಲ್ಲಿ ಹೋಗಿ ತಪ್ಪೊಪ್ಪಿಕೊಳ್ಳುವಷ್ಟು ಸತ್ಯವಂತ ಅವನೇನಲ್ಲ.

ಇವತ್ತು ಬೆಳಗ್ಗೆ ಆ ಖಾಯಂ ಪತ್ರ ಮುಖ್ಯಸ್ಥರ ಮೇಜಿನ ಮೇಲೆ ಸಹಿಗೆ ಬಂದು ಕೂತಿತ್ತು. ಅದರ ಬೆನ್ನಿಗೇ ಹಲ್ಲಿನ ಫಲಿತಾಂಶವೂ ಬಂತು.

"ಸರ್, ಇದು ನಿಯಾಂಡರ್ತಾಲ್ ಅಲ್ಲ," ಎಂದರು ಕಂಪ್ಯೂಟರಿನ ಮುಂದೆ ಕೂತು ಡಿಎನ್ಎ ಓದುವ ಮೇಡಂ. "ಅಳಿದುಹೋದ ಬೇರೆ ಯಾವ ಮಾನವ ಜಾತಿಯದ್ದೂ ಅಲ್ಲ. ಹೆಚ್ಚುಕಮ್ಮಿ ನಮ್ಮ ಹಾಗೇ ಇದೆ."

"ನಮ್ಮವರದ್ದೇ ಯಾರದ್ದಾದ್ರೂ ಸೇರ್ಕೊಂಡಿದ್ಯಾ?"

ಅದಕ್ಕೊಂದು ವ್ಯವಸ್ಥೆಯಿತ್ತು. ಕೆಲಸಕ್ಕೆ ಸೇರುವ ದಿನವೇ ಪ್ರತಿಯೊಬ್ಬರ ಕೆನ್ನೆಯ ಒಳಗೆ ಹತ್ತಿ ಸುತ್ತಿದ ಕಡ್ಡಿ ಉಜ್ಜಿ, ಅವರ ಡಿಎನ್ಎಯನ್ನು ಪಟ್ಟಿಗೆ ಸೇರಿಸುತ್ತಿದ್ದರು. ಯಾರಾದರೂ ಉಗುಳಿದ್ದರೆ, ಸೀನಿದ್ದರೆ ಸಿಕ್ಕಿಬೀಳಲೇಬೇಕು.

"ಪಟ್ಟಿ ಪೂರ್ತಿ ಹೋಲಿಸಿದೆ. ನಿಮ್ಮದಲ್ಲ, ನನ್ನದಲ್ಲ, ಪುಡಿಯಣ್ಣಂದೂ ಅಲ್ಲ. ಆದ್ರೆ ತುಂಬಾ ಹೊಸದಾಗಿದೆ ಸರ್. ನಲವತ್ತು ಸಾವಿರ ವರ್ಷದ್ದು ಅನ್ಸಲ್ಲ."

"ಗುಹೆ ತಂಪಾಗಿತ್ತು," ಎಂದು ಮುಖ್ಯಸ್ಥರು ಒಂದೇ ಮಾತಿನಲ್ಲಿ ವಿಜ್ಞಾನದ ಬಾಯಿ ಮುಚ್ಚಿಸಿದರು. "ಪಟ್ಟೀಲಿ ಇಲ್ಲ ಅಂದ್ಮೇಲೆ ಇದು ಹೊಸ ಮಾನವ. ನಾಲ್ಕು ಗಂಟೆಗೆ ಪತ್ರಿಕೆಯವರನ್ನ ಕರೀರಿ."

ಸುದ್ದಿ ಹಬ್ಬಿ ಇಡೀ ಕಚೇರಿ ಮೇಡಂ ಕುರ್ಚಿಯ ಸುತ್ತ ಸೇರಿತು. ಅವರು ಹೊಸ ಮಾನವನ ಗುಣಲಕ್ಷಣಗಳನ್ನು ಒಂದೊಂದಾಗಿ ಓದತೊಡಗಿದರು. "ಮೂವತ್ತಕ್ಕೇ ತಲೆ ಬೋಳಾಗ್ತಿತ್ತು. ಹಾಲು ಅರಗ್ತಿರಲಿಲ್ಲ. ಬೆವರು ಜಾಸ್ತಿ. ಬೆಳಗ್ಗೆ ಏಳೋದು ಕಷ್ಟ."

"ಅದಕ್ಕೇ ಅಳಿದುಹೋಗಿದ್ದಾರೆ, ಪಾಪ," ಎಂದರು ಯಾರೋ.

"ಅವನಿಗೆ ಹೆಣ್ಣಾದ್ರೂ ಯಾರು ಕೊಟ್ಟಾರು?" ಎಂದರು ಇನ್ನೊಬ್ಬರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪುಡಿಯಣ್ಣ ತನ್ನ ನುಣ್ಣನೆಯ ತಲೆ ಮುಟ್ಟಿ ನೋಡಿಕೊಂಡ. ಬೆವರುತ್ತಿತ್ತು. ಮೆಲ್ಲಗೆ ಜಾರಿ ಮೆಟ್ಟಿಲ ಕೆಳಗೆ ನಿಂತು ಹೆಂಡತಿಗೆ ಫೋನ್ ಮಾಡಿದ.

"ರೀ, ಬಾಯಿ ಮುಚ್ಕೊಂಡಿರಿ," ಎಂದಳು ಅವಳು ಎಲ್ಲ ಕೇಳಿ. "ಸಹಿ ಆಗ್ಲಿ. ಆಮೇಲೆ ಬೇಕಾದ್ರೆ ಇನ್ನೊಂದ್ಸಲ ಸೀನಿ."

"ಪಟ್ಟೀಲಿ ಇರೋದು ನನ್ನ ಎಂಜಲಲ್ಲ ಕಣೇ, ನಿನ್ನ ತಮ್ಮಂದು. ಗೊತ್ತಾದ್ರೆ ಎರಡು ತಪ್ಪಾಗುತ್ತೆ."

ಪುಡಿಯಣ್ಣನಿಗೆ ಬಾಯೊಳಗೆ ಚಮಚ ಬಿಟ್ಟು ಬೇರೇನು ಹೋದರೂ ಓಕರಿಕೆ. ಕೆಲಸಕ್ಕೆ ಸೇರುವ ದಿನ ಕಡ್ಡಿ ಕಂಡೇ ಕಣ್ಣು ಮೇಲಾಗಿತ್ತು. ಫೈಲು ಹಿಡಿದು ಜೊತೆಗೆ ಬಂದಿದ್ದ ಬಾಮೈದ, ಶೌಚಾಲಯದ ಮರೆಯಲ್ಲಿ ತನ್ನ ಕೆನ್ನೆ ಉಜ್ಜಿಕೊಟ್ಟು ಮಾನ ಉಳಿಸಿದ್ದ.

"ಅವನು ಅವತ್ತು ಉಪಕಾರ ಮಾಡಿದ್ದ. ಈಗ ಅದನ್ನ ಎತ್ತಿ ಆಡ್ಬೇಡಿ," ಎಂದು ಹೆಂಡತಿ ಫೋನಿಟ್ಟಳು.

ಮೇಲೆ ಬಂದರೆ ಜೇಡಿಮಣ್ಣಿನಲ್ಲಿ ಹೊಸ ಮಾನವನ ಮುಖ ಮಾಡಲು ಶಿಲ್ಪಿಯೊಬ್ಬರು ಬಂದಿದ್ದರು. ಪುಡಿಯಣ್ಣ ಎತ್ತ ಸರಿದರೂ ಅವರ ಕಣ್ಣು ಅತ್ತಲೇ ತಿರುಗುತ್ತಿತ್ತು. "ಸ್ವಲ್ಪ ಬೆಳಕಿಗೆ ಬನ್ನಿ. ಕಿವಿ ಯಾಕೋ ಸರಿಯಾಗಿ ಬರ್ತಿಲ್ಲ," ಎಂದರು.

ಅಷ್ಟರಲ್ಲಿ ಮುಖ್ಯಸ್ಥರ ಕರೆ. "ಪತ್ರಿಕೆಯವರು ಒಂದೇ ಸಲದ ಪರೀಕ್ಷೆ ನಂಬಲ್ಲ. ಉಳಿದಿರೋ ಹಲ್ಲನ್ನೂ ಪೂರ್ತಿ ಪುಡಿ ಮಾಡ್ಬಿಡು."

ಪುಡಿಯಣ್ಣ ಉಡುಪು ಹಾಕಿಕೊಂಡು ಒಳಗೆ ಹೋದ. ಡ್ರಿಲ್ಲು ಎತ್ತಿಕೊಂಡ. ಆ ಗುಹೆಯಲ್ಲಿ ಸಿಕ್ಕಿದ್ದು ಅದೊಂದೇ ಹಲ್ಲು. ಒಂದು ಪಕ್ಕ ಸವೆದಿತ್ತು. ಯಾರೋ ನಲವತ್ತು ಸಾವಿರ ವರ್ಷದ ಹಿಂದೆ ಅದೇ ಪಕ್ಕದಲ್ಲಿ ಅಗಿದು ಹೊಟ್ಟೆ ಹೊರೆದಿದ್ದರು. ಆ ಪುಣ್ಯಾತ್ಮನ ಗುರುತು ಈ ಲೋಕದಲ್ಲಿ ಇಷ್ಟೇ ಉಳಿದಿರುವುದು, ಅದನ್ನೂ ತನ್ನ ಸೀನು ಮುಚ್ಚಿಹಾಕಲು ಪುಡಿ ಮಾಡಬೇಕೇ? ಡ್ರಿಲ್ಲು ಕೆಳಗಿಟ್ಟು, ಹೊರಗೆ ಬಂದು, ಸೀನಿನಿಂದ ಬಾಮೈದನವರೆಗೆ ಎಲ್ಲವನ್ನೂ ಒದರಿಬಿಟ್ಟ.

ಯಾರೂ ನಂಬಲಿಲ್ಲ. ಕೊನೆಗೆ ಇಬ್ಬರು ಅವನ ತೋಳು ಹಿಡಿದುಕೊಂಡರು, ಮೇಡಂ ಅವನ ಕೆನ್ನೆಯೊಳಗೆ ಕಡ್ಡಿ ಆಡಿಸಿದರು. ಅವನು ಓಕರಿಸಿದ ಸದ್ದು ಬೀದಿಯವರೆಗೆ ಕೇಳಿತು. ಎರಡು ಗಂಟೆಯಲ್ಲಿ ಯಂತ್ರ ಉತ್ತರ ಹೇಳಿತು: ಹೊಸ ಮಾನವ ಮತ್ತು ಪುಡಿಯಣ್ಣ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೊರಗೆ ಪತ್ರಿಕೆಯವರು ಕುರ್ಚಿ ಎಳೆದುಕೊಳ್ಳುತ್ತಿದ್ದರು.

ಮುಖ್ಯಸ್ಥರು ಎದ್ದು ಕೋಣೆಯ ಬಾಗಿಲು ಮುಚ್ಚಿದರು.

"ಈ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಹೊರಗಿನ ಡಿಎನ್ಎ ಬಿದ್ದಿಲ್ಲ. ಬಿತ್ತು ಅಂದ್ರೆ ನಮ್ಮ ಇಪ್ಪತ್ತು ವರ್ಷದ ಕೆಲಸಾನೇ ಯಾರೂ ನಂಬಲ್ಲ. ಹಾಗಾಗಿ ಬಿದ್ದಿಲ್ಲ. ಹಲ್ಲಿನಲ್ಲಿರೋದೂ ನಿನ್ನಲ್ಲಿರೋದೂ ಒಂದೇ ಅಂದ್ರೆ ಅರ್ಥ ಇಷ್ಟೇ ಕಣಪ್ಪಾ, ನಿಮ್ಮ ಜನ ಅಳಿದಿಲ್ಲ."

"ಸರ್, ನಾನು ಸೀನಿದ್ದು."

"ಸೀನೋ ಗುಣಾನೂ ಬರ್ಕೊಳ್ಳಿ ಮೇಡಂ."

ಪುಡಿಯಣ್ಣ ಇಂಗು ತಿಂದ ಮಂಗನಂತಾದ. "ಹಾಗಾದ್ರೆ ನನ್ನ ಖಾಯಂ ಪತ್ರ ಸರ್?"

"ನಿಯಮ ನಿನಗೇ ಗೊತ್ತಲ್ಲ. ಮಾದರಿಗೆ ಸಂಬಂಧಪಟ್ಟವರು ಯಾರೂ ಒಳಕೋಣೆಗೆ ಹೋಗೋ ಹಾಗಿಲ್ಲ. ನೀನಂತೂ ಮಾದರೀನೇ." ಮುಖ್ಯಸ್ಥರು ಪತ್ರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಆದ್ರೆ ಜಾಗ ಖಾಲಿ ಬಿಡೋಕಾಗಲ್ಲ. ಪಟ್ಟೀಲಿ ನಿನ್ನ ಬಾಮೈದನ ಡಿಎನ್ಎ ಆಗಲೇ ಇದೆ. ಆರು ವರ್ಷದಲ್ಲಿ ಒಂದೇ ಒಂದು ಮಾದರೀಲೂ ಅವನ ಎಂಜಲು ಸಿಕ್ಕಿಲ್ಲ. ಇಷ್ಟು ಶುಚಿಯಾದ ಕೆಲಸಗಾರನನ್ನ ನಾನು ಕಂಡೇ ಇಲ್ಲ."

"ಅವನು ಒಂದಿನಾನೂ ಒಳಗೆ ಕಾಲಿಟ್ಟಿಲ್ಲ ಸರ್."

"ಅದಕ್ಕೇ ಅಷ್ಟು ಶುಚಿ," ಎಂದು ಹೆಸರು ತಿದ್ದಿ ಸಹಿ ಹಾಕಿದರು.

ಪತ್ರಿಕೆಯವರ ಕ್ಯಾಮೆರಾಗಳ ಮುಂದೆ, ಇನ್ನೂ ಒಣಗದ ತನ್ನದೇ ಮಣ್ಣಿನ ಮುಖದ ಪಕ್ಕ ನಿಂತು ಪುಡಿಯಣ್ಣ ಹೆಂಡತಿಗೆ ಫೋನ್ ಮಾಡಿದ.

"ಹೋಗ್ಲಿ ಬಿಡಿ, ಮನೇಲಿ ಒಬ್ರಿಗಾದ್ರೂ ಖಾಯಂ ಆಯ್ತಲ್ಲ," ಎಂದಳು ಅವಳು. "ನಾಳೆಯಿಂದ ಬೆಳಗ್ಗೆ ನನ್ನ ತಮ್ಮನ್ನ ನೀವೇ ಎಬ್ಬಿಸ್ಬೇಕು. ಅವನಿಗೆ ಅಭ್ಯಾಸ ಇಲ್ಲ."